ಓಪನ್ ಸೋರ್ಸ್ ಪ್ಯಾಕೇಜುಗಳ ಮೂಲಕ ನಡೆಯುತ್ತಿರುವ ಕ್ರಿಪ್ಟೊ ವ್ಯಾಲೆಟ್ ಕಳವು ತಡೆಯಲು ಕೋರಿ ಮನವಿ ಪತ್ರ

ಗೆ,
ಸರ್ಕಾರದ ಕಾರ್ಯದರ್ಶಿಗಳು,
ಮಾಹಿತಿ ತಂತ್ರಜ್ಞಾನ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು.

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಮಂಡ್ಯ ಜಿಲ್ಲೆ, ಮಂಡ್ಯ.

ಇಂದ: ದುದ್ದ ಹೋಬಳಿಯ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು, ಮನೆಯಿಂದ ಕೆಲಸ ಮಾಡುವ ಯುವಕ ಯುವತಿಯರು ಮತ್ತು ಪೋಷಕರು.

ವಿಷಯ: ದುರುದ್ದೇಶದ ತಂತ್ರಾಂಶ ಪ್ಯಾಕೇಜುಗಳಿಂದ ಹಣ ಕಳೆದುಕೊಳ್ಳುವವರ ದೂರು ಸ್ವೀಕಾರ, ತನಿಖೆ ಮತ್ತು ತರಬೇತಿಗೆ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ದುದ್ದ ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರ. ಬೇಸಾಯದ ದುಡ್ಡಿನಲ್ಲಿ ಓದಿದ ಇಲ್ಲಿನ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿದ್ದಾರೆ. ಕೆಲವರು ಊರಲ್ಲೇ ಕೂತು ಹೊರದೇಶದ ಗಿರಾಕಿಗಳಿಗೆ ವೆಬ್‌ಸೈಟು, ಆ್ಯಪು ಮಾಡಿಕೊಡುತ್ತಾರೆ. ಆ ಕೆಲಸದ ಸಂಬಳವನ್ನು ಕ್ರಿಪ್ಟೊ ಕರೆನ್ಸಿಯಲ್ಲಿ ಪಡೆಯುವವರೂ ಇದ್ದಾರೆ. ಕಬ್ಬಿನ ಬಿಲ್ಲು ಬಂದಾಗ ಕೊಡಿಸಿದ ಲ್ಯಾಪ್‌ಟಾಪಿನಲ್ಲೇ ಕೆಲಸ, ಅದರಲ್ಲೇ ಉಳಿತಾಯ. ಕಳ್ಳರು ಈಗ ಗುರಿಯಿಟ್ಟಿರುವುದು ಇಂಥ ಯಂತ್ರಗಳಿಗೆ.

ಇವತ್ತು ಹೆಚ್ಚಿನ ತಂತ್ರಾಂಶಗಳನ್ನು ಯಾರೂ ಮೊದಲ ಸಾಲಿನಿಂದ ಬರೆಯುವುದಿಲ್ಲ. ಜಾವಾಸ್ಕ್ರಿಪ್ಟ್‌ನವರು ಎನ್‌ಪಿಎಂ ಭಂಡಾರದಿಂದ, ಪೈಥಾನ್‌ನವರು ಪೈಪಿಐನಿಂದ, ಬೇರೆಯವರು ಬರೆದಿಟ್ಟ ಪ್ಯಾಕೇಜುಗಳನ್ನು ಇಳಿಸಿಕೊಂಡು ಜೋಡಿಸುತ್ತಾರೆ. 'ಎನ್‌ಪಿಎಂ ಇನ್‌ಸ್ಟಾಲ್' ಎಂದು ಒಂದು ಸಾಲು ಟೈಪ್ ಮಾಡಿದರೆ ಕೇಳಿದ್ದರ ಬೆನ್ನಿಗೆ ಅದು ನೆಚ್ಚಿಕೊಂಡ ನೂರಾರು ಪ್ಯಾಕೇಜುಗಳು ಬರಬಹುದು. ಅವುಗಳಲ್ಲಿ ಯಾವುದೋ ಒಂದರೊಳಗೆ 'ಪೋಸ್ಟ್‌ಇನ್‌ಸ್ಟಾಲ್' ಆದೇಶ ಇದ್ದರೆ, ನಾವು ಪ್ರೋಗ್ರಾಂ ಓಡಿಸುವ ಮೊದಲೇ ಅದು ತಾನಾಗಿ ಓಡುತ್ತದೆ. ಕಳ್ಳನಿಗೆ ಅಷ್ಟು ಸಾಕು. ಮೆಟಾಮಾಸ್ಕ್‌ನಂಥ ವ್ಯಾಲೆಟ್‌ಗಳು ಬ್ರೌಸರಿನಲ್ಲಿ ಮಾಹಿತಿ ಇಡುವ ಫೋಲ್ಡರ್, ಸೊಲಾನಾ ಕೀಲಿಯ ಕಡತ, ವ್ಯಾಲೆಟನ್ನು ಮತ್ತೆ ತೆರೆಯಲು ಎಲ್ಲೋ ಬರೆದಿಟ್ಟ ಹನ್ನೆರಡು ಪದಗಳ ಸೀಡ್ ಫ್ರೇಸ್, ಸೇವ್ ಆದ ಪಾಸ್‌ವರ್ಡು, ಎಲ್ಲವನ್ನೂ ಆ ಆದೇಶ ಹುಡುಕಿ ಕಳ್ಳನಿಗೆ ಕಳಿಸಿಬಿಡುತ್ತದೆ. ಪರದೆಯ ಮೇಲೆ ಕಾಣುವುದು ಎಂದಿನ ಸಾಲುಗಳೇ. ಬ್ಯಾಂಕಿನಲ್ಲಾದರೆ ವಹಿವಾಟು ತಡೆಹಿಡಿಯಲು ಒಬ್ಬರಿದ್ದಾರೆ. ಇಲ್ಲಿ ಕೀಲಿ ಯಾರ ಕೈಯಲ್ಲಿದೆಯೋ ಹಣ ಅವರದು.

2018ರಲ್ಲೇ 'ಈವೆಂಟ್-ಸ್ಟ್ರೀಮ್' ಪ್ಯಾಕೇಜಿನ ಉಸ್ತುವಾರಿಯನ್ನು ಸಹಾಯದ ನೆಪದಲ್ಲಿ ಪಡೆದವನೊಬ್ಬ ಕೊಪೇ ಬಿಟ್‌ಕಾಯಿನ್ ವ್ಯಾಲೆಟಿನ ಕೀಲಿ ಕದಿಯುವ ಕೋಡು ಸೇರಿಸಿದ್ದ. ಡಿಸೆಂಬರ್ 2024ರಲ್ಲಿ ಸೊಲಾನಾದ 'ವೆಬ್3.ಜೆಎಸ್' ಪ್ಯಾಕೇಜಿನ 1.95.6 ಮತ್ತು 1.95.7 ಆವೃತ್ತಿಗಳು ಖಾಸಗಿ ಕೀಲಿ ಕದ್ದವು. 2025ರ ಆಗಸ್ಟ್ 26ರಂದು 'ಎನ್ಎಕ್ಸ್' ಪ್ಯಾಕೇಜಿನಲ್ಲಿ ಆದದ್ದು ಇನ್ನೂ ಘೋರ. ಅದರೊಳಗೆ ನುಸುಳಿದ ಕೋಡು, ಯಂತ್ರದಲ್ಲಿ ಮೊದಲೇ ಇದ್ದ ಎಐ ಸಹಾಯಕಗಳಿಗೇ ವ್ಯಾಲೆಟ್ ಹುಡುಕುವ ಕೆಲಸ ಹಚ್ಚಿತು. ಸಿಕ್ಕಿದ್ದನ್ನು ನೊಂದವರ ಸ್ವಂತ ಗಿಟ್‌ಹಬ್ ಖಾತೆಯಲ್ಲೇ, ಯಾರು ಬೇಕಾದರೂ ನೋಡುವಂತೆ ಹರವಿತು. ಎರಡು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 8ರಂದು, ಒಬ್ಬ ನಿರ್ವಾಹಕ ನಕಲಿ ಇಮೇಲ್‌ಗೆ ಮೋಸಹೋಗಿ 'ಚಾಕ್', 'ಡೀಬಗ್' ಸೇರಿ 18 ಪ್ಯಾಕೇಜುಗಳು ಕೈತಪ್ಪಿದವು. ಅವನ್ನೆಲ್ಲ ಸೇರಿಸಿದರೆ ವಾರಕ್ಕೆ 200 ಕೋಟಿಗೂ ಹೆಚ್ಚು ಬಾರಿ ಇಳಿಸಿಕೊಳ್ಳಲಾಗುತ್ತಿತ್ತು. ಹಣ ಕಳಿಸುವ ಹೊತ್ತಿಗೆ ವ್ಯಾಲೆಟ್ ವಿಳಾಸವನ್ನು ಬದಲಿಸುವುದು ಆ ಕೋಡಿನ ಕೆಲಸ. ಕೆಲವೇ ಗಂಟೆಗಳಲ್ಲಿ ಪತ್ತೆಯಾದ್ದರಿಂದ ನಷ್ಟ ಕಡಿಮೆಯಾಯಿತು.

ನಮ್ಮನ್ನು ಹೆಚ್ಚು ಕಾಡುವುದು ಉದ್ಯೋಗದ ಆಸೆ ತೋರಿಸಿ ಮಾಡುವ ಮೋಸ. ಲಿಂಕ್ಡ್‌ಇನ್‌ನಲ್ಲಿ ನೇಮಕಾತಿ ಅಧಿಕಾರಿಯ ವೇಷದಲ್ಲಿ ಮಾತಾಡಿಸುತ್ತಾರೆ. ಒಳ್ಳೆಯ ಸಂಬಳ ಹೇಳುತ್ತಾರೆ. 'ಈ ಕೋಡು ಓಡಿಸಿ, ತಪ್ಪು ಸರಿಪಡಿಸಿ ತೋರಿಸಿ' ಎಂದು ಪರೀಕ್ಷೆ ಕೊಡುತ್ತಾರೆ. ಕಳ್ಳ ಪ್ಯಾಕೇಜು ಆ ಪರೀಕ್ಷೆಯ ಒಳಗೇ ಇರುತ್ತದೆ. ಇದರ ಹಿಂದೆ ಉತ್ತರ ಕೊರಿಯಾದ ಗುಂಪುಗಳಿವೆ ಎಂದು ಭದ್ರತಾ ಸಂಶೋಧಕರು 2023ರಿಂದಲೂ ಎಚ್ಚರಿಸುತ್ತಿದ್ದಾರೆ. ಕೆಲಸ ಹುಡುಕುವ ಹುಡುಗ ಹುಡುಗಿಯರು ಸಂದರ್ಶಕರ ಮಾತಿಗೆ ಇಲ್ಲ ಎನ್ನುವುದಾದರೂ ಹೇಗೆ?

ಬೆಂಗಳೂರಿನಲ್ಲೇ ಆದದ್ದನ್ನು ನೋಡಿ. 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಕ್ರಿಪ್ಟೊ ಎಕ್ಸ್‌ಚೇಂಜಿನಿಂದ 4.4 ಕೋಟಿ ಡಾಲರ್, ಅಂದರೆ ಸುಮಾರು ₹379 ಕೋಟಿ ಹೋಯಿತು. ಪೊಲೀಸರು ಬಂಧಿಸಿದ್ದು ಕಂಪನಿಯ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು. ಆತ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಅಪರಿಚಿತರ ಅರೆಕಾಲಿಕ ಕೆಲಸ ಮಾಡುತ್ತಿದ್ದರು, ಆ ದಾರಿಯಲ್ಲೇ ಮಾಲ್‌ವೇರ್ ಒಳಬಂದಿರಬಹುದು ಎಂಬುದು ಪೊಲೀಸರ ಶಂಕೆ; ಕಳವಿನಲ್ಲಿ ತಮ್ಮ ಪಾತ್ರವಿಲ್ಲ ಎಂಬುದು ಆತನ ಹೇಳಿಕೆ. ಅದನ್ನು ತೀರ್ಮಾನಿಸಬೇಕಾದ್ದು ನ್ಯಾಯಾಲಯ. ಆದರೆ ಆ ಸುದ್ದಿ ಓದಿದ ನಮ್ಮ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಒಂದೇ: ನನ್ನ ಯಂತ್ರಕ್ಕೆ ಹೀಗಾದರೆ ಮೊದಲು ಸಿಕ್ಕಿಬೀಳುವವನು ನಾನೇ. ಹೆದರಿದವರು ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಸುಮ್ಮನಾಗುತ್ತಾರೆ. ಅಲ್ಲಿಗೆ ಸಾಕ್ಷಿಯೂ ಅಳಿಯುತ್ತದೆ, ಅದೇ ಪ್ಯಾಕೇಜು ಪಕ್ಕದ ಮನೆಯ ಯಂತ್ರಕ್ಕೂ ಬರುತ್ತದೆ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ದೂರಿನ ಬಗ್ಗೆಯೇ. ತಾವು ಗೃಹ ಇಲಾಖೆಯೊಂದಿಗೆ ಮಾತಾಡಿ, ಮಂಡ್ಯದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆ ಸೇರಿದಂತೆ ಎಲ್ಲ ಜಿಲ್ಲೆಗಳಲ್ಲೂ ಇಂಥ ದೂರಿಗೆ ಒಂದು ಲಿಖಿತ ಕ್ರಮ ತರಬೇಕು. ತಾನಾಗಿ ಬಂದು ದೂರು ಕೊಡುವ ಡೆವಲಪರನ್ನು ನೊಂದವರೆಂದು ಕಾಣಬೇಕು. ಬೇರೆ ಪುರಾವೆ ಸಿಗುವವರೆಗೂ ಆರೋಪಿಯೆಂದು ಕಾಣಬಾರದು. ವ್ಯಾಲೆಟ್ ವಿಳಾಸ, ವಹಿವಾಟಿನ ಹ್ಯಾಶ್, ಪ್ಯಾಕೇಜಿನ ಹೆಸರು ಮತ್ತು ಆವೃತ್ತಿಯನ್ನು ದೂರಿನಲ್ಲೇ ಬರೆಸಿಕೊಳ್ಳಬೇಕು. ಯಾವ ಆವೃತ್ತಿ ಇಳಿದಿತ್ತು ಎಂಬುದು 'ಪ್ಯಾಕೇಜ್-ಲಾಕ್' ಕಡತದಲ್ಲಿ ಇರುತ್ತದೆ. ಅದರ ಪ್ರತಿ ತೆಗೆದುಕೊಂಡು ಯಂತ್ರವನ್ನು ಬೇಗ ಹಿಂದಿರುಗಿಸಬೇಕು, ಏಕೆಂದರೆ ಅದು ಆ ಮನೆಯ ಅನ್ನ. 1930 ಸಹಾಯವಾಣಿಗೆ ಕರೆ ಬಂದ ಕೂಡಲೇ ಬ್ಯಾಂಕುಗಳಿಗೆ ಹೇಳುವಂತೆಯೇ, ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳಿಗೂ ಆ ವಿಳಾಸ ತಲುಪಬೇಕು. ಕದ್ದ ನಾಣ್ಯ ಎಂದಾದರೂ ರೂಪಾಯಿಯಾಗಲು ಬಂದರೆ ಹಿಡಿಯಬಹುದಾದ ಜಾಗ ಅದು.

'ಕ್ರಿಪ್ಟೊ ಸಹವಾಸಕ್ಕೆ ಹೋಗಿದ್ದೇಕೆ' ಎಂದು ಕೇಳಿ ದೂರುದಾರರನ್ನು ವಾಪಸ್ ಕಳಿಸಬಾರದು. 2022ರ ಏಪ್ರಿಲ್‌ನಿಂದ ಇದರ ಲಾಭಕ್ಕೆ ಶೇ 30 ತೆರಿಗೆ, ಜುಲೈನಿಂದ ವರ್ಗಾವಣೆಗೆ ಶೇ 1 ಟಿಡಿಎಸ್ ಇದೆ. ತೆರಿಗೆ ಕಟ್ಟಿಸಿಕೊಂಡ ಆಸ್ತಿ ಕಳುವಾದಾಗ ದೂರು ತೆಗೆದುಕೊಳ್ಳುವುದು ಸರ್ಕಾರದ ಹೊಣೆ.

ಎರಡನೆಯದು ಕಲಿಕೆ. ವಿಟಿಯು ಮತ್ತು ಪಾಲಿಟೆಕ್ನಿಕ್‌ಗಳ ಪ್ರಯೋಗಾಲಯದಲ್ಲಿ ಪ್ಯಾಕೇಜು ಇಳಿಸುವುದನ್ನು ಕಲಿಸುವ ದಿನವೇ, ಸ್ಕ್ರಿಪ್ಟು ತಾನಾಗಿ ಓಡದಂತೆ 'ಇಗ್ನೋರ್-ಸ್ಕ್ರಿಪ್ಟ್ಸ್' ಇಡುವುದನ್ನೂ, ಹೊಸ ಆವೃತ್ತಿಯನ್ನು ಬಂದ ಗಳಿಗೆಯಲ್ಲೇ ತೆಗೆದುಕೊಳ್ಳದೆ ಕೆಲವು ದಿನ ಕಾಯುವುದನ್ನೂ, ಅಪರಿಚಿತರ ಕೋಡನ್ನು ಬೇರೆ ವರ್ಚುವಲ್ ಯಂತ್ರದಲ್ಲಿ ಓಡಿಸುವುದನ್ನೂ ಕಲಿಸಬೇಕು. ಎನ್ಎಕ್ಸ್, ಚಾಕ್ ಎರಡರಲ್ಲೂ ಒಂದು ದಿನ ಕಾದಿದ್ದವರು ಬಚಾವಾದರು.

ಮೂರನೆಯದು ಎಚ್ಚರಿಕೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೊಡುವ ಎಚ್ಚರಿಕೆಗಳು ಇಂಗ್ಲಿಷಿನಲ್ಲಿ ಬರುತ್ತವೆ. ರಾಜ್ಯದ ಸೈಬರ್ ಭದ್ರತಾ ಕೇಂದ್ರ ಸೈಸೆಕ್ ಅವುಗಳ ಸಾರವನ್ನು ಅದೇ ದಿನ ಕನ್ನಡದಲ್ಲಿ ಹೊರಡಿಸಬೇಕು.

ಕೊನೆಯದಾಗಿ, ನಮ್ಮ ಪಹಣಿ, ಪಿಂಚಣಿ, ಬೆಳೆ ಪರಿಹಾರಗಳೂ ತಂತ್ರಾಂಶದ ಮೇಲೆಯೇ ನಡೆಯುತ್ತವೆ. ಗೊಬ್ಬರದ ಚೀಲದ ಮೇಲೆ ಒಳಗೇನಿದೆ ಎಂದು ಅಚ್ಚಾಗಿರುವಂತೆ, ಇಲಾಖೆಗಳು ಕೊಳ್ಳುವ ಪ್ರತಿ ತಂತ್ರಾಂಶದ ಜೊತೆಗೂ ಅದರಲ್ಲಿರುವ ಪ್ಯಾಕೇಜುಗಳ ಪಟ್ಟಿ ಇರಬೇಕು. ಇಂಥ ಪಟ್ಟಿ ಹೇಗಿರಬೇಕೆಂದು ಸರ್ಟ್-ಇನ್ ಅಕ್ಟೋಬರ್ 2024ರಲ್ಲೇ ಮಾರ್ಗಸೂಚಿ ಕೊಟ್ಟಿದೆ; ರಾಜ್ಯ ಅದನ್ನು ಟೆಂಡರ್ ಷರತ್ತಾಗಿ ಮಾಡಬೇಕು.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಜಿಲ್ಲಾಧಿಕಾರಿಗಳ ಮೂಲಕ ಲಿಖಿತವಾಗಿ ತಿಳಿಸಬೇಕೆಂದೂ, ಮಂಡ್ಯದಲ್ಲಿ ಸಿಇಎನ್ ಅಧಿಕಾರಿಗಳು ಮತ್ತು ಕಾಲೇಜು ಮುಖ್ಯಸ್ಥರ ಸಭೆ ಕರೆದು ನಮ್ಮ ಪ್ರತಿನಿಧಿಗಳಿಗೂ ಅಲ್ಲಿ ಮಾತಾಡಲು ಅವಕಾಶ ಕೊಡಬೇಕೆಂದೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ದುದ್ದ ಹೋಬಳಿಯ ವಿದ್ಯಾರ್ಥಿಗಳು, ಯುವಜನರು ಮತ್ತು ಪೋಷಕರು
ಸ್ಥಳ: ದುದ್ದ, ಮಂಡ್ಯ ತಾಲ್ಲೂಕು