ತಿರುವಿನಾಚೆಯ ವಾಹನವನ್ನು ನಂಬುವುದೆಂತು?

ಸುಳ್ಯವನ್ನು ದಾಟಿ ಸಂಪಾಜೆಯ ಘಾಟಿಯನ್ನೇರುವ ಬಸ್ಸಿನ ಚಾಲಕನು ತಿರುವು ತಿರುವಿನಲ್ಲಿಯೂ ಹಾರನ್ ಒತ್ತುತ್ತಾನೆ. ಎದುರಿನಿಂದ ಬರುವವನು ಸದ್ದಿನಿಂದಲೇ ಉತ್ತರ ಕೊಡುತ್ತಾನೆ. ಮಳೆಗಾಲದ ಮಂಜಿನಲ್ಲಿ ಇದಕ್ಕಿಂತ ಹೆಚ್ಚಿನ ಸಂಭಾಷಣೆಗೆ ಆಸ್ಪದವಿಲ್ಲ.

ವಾಹನಗಳೇ ನಿಸ್ತಂತು ಅಲೆಗಳ ಮೂಲಕ ಪರಸ್ಪರ ಮಾತಾಡಿಕೊಳ್ಳುವ ಏರ್ಪಾಡು ಈಗ ಸಿದ್ಧವಾಗಿದೆ. 'ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಬರುತ್ತಿದ್ದೇನೆ' ಎಂದು ಪ್ರತಿಯೊಂದು ವಾಹನವೂ ಸೆಕೆಂಡಿಗೆ ಸುಮಾರು 10 ಸಲ ಸಾರುತ್ತದೆ. ಆದರೆ ತಿರುವಿನಲ್ಲಿ ನೆಟ್ಟ ಉಬ್ಬುಗನ್ನಡಿಯು ಇಲ್ಲದ ಲಾರಿಯನ್ನು ತೋರಿಸಲಾರದು. ನಿಸ್ತಂತು ಸಂದೇಶವಾದರೋ ಇಲ್ಲದ ಲಾರಿಯನ್ನು ಸೃಷ್ಟಿಸಬಲ್ಲದು. ಗುಡ್ಡದ ಮೇಲೆ ಕುಳಿತ ಕಿಡಿಗೇಡಿಯೊಬ್ಬನು ಇಂತಹ 50 ಮಾಯಾಲಾರಿಗಳನ್ನು ಹೊರಡಿಸಿದರೆ, ಅವನ್ನು ನಂಬಿ ಬಸ್ಸು ಥಟ್ಟನೆ ನಿಂತರೆ, ಹಿಂದೆ ಬರುವವರ ಗತಿಯೇನು?

ಇದಕ್ಕೆ ಪರಿಹಾರವನ್ನು ಗಣಿತವು ಒದಗಿಸಿದೆ. ಪ್ರತಿ ವಾಹನಕ್ಕೂ ಒಂದು ಗುಟ್ಟಿನ ಸಂಖ್ಯೆ, ಅದರ ಜೊತೆಗಾರನಾಗಿ ಒಂದು ಬಹಿರಂಗ ಸಂಖ್ಯೆ. ಗುಟ್ಟಿನ ಸಂಖ್ಯೆಯಿಂದ ಸಂದೇಶಕ್ಕೆ ಸಹಿ ಬೀಳುತ್ತದೆ; ಬಹಿರಂಗ ಸಂಖ್ಯೆಯಿಂದ ಯಾರಾದರೂ ಆ ಸಹಿಯನ್ನು ಪರೀಕ್ಷಿಸಬಹುದು. ಆ ಸಂಖ್ಯೆಗೆ ಅಧಿಕೃತ ಸಂಸ್ಥೆಯು ಕೊಟ್ಟ ಪ್ರಮಾಣಪತ್ರವೂ ವಾಹನದ ಬಳಿಯೇ ಇರುವುದರಿಂದ, ಮೊಬೈಲು ಸಂಪರ್ಕವು ಕಡಿದುಹೋಗುವ ಘಾಟಿಯಲ್ಲಿಯೂ ದೂರದ ಕೇಂದ್ರವನ್ನು ಕೇಳುವ ಅಗತ್ಯವಿಲ್ಲ. ನಮ್ಮ ಕಡೆಗೆ ಇದೇ ಮುಖ್ಯ.

ಹಾಗೆಂದು ವಾಹನವು ತನ್ನ ನೋಂದಣಿ ಸಂಖ್ಯೆಯನ್ನೇ ದಾರಿಯುದ್ದಕ್ಕೂ ಕೂಗುತ್ತ ಹೋಗಬಾರದು. 2021ರ ಫೆಬ್ರವರಿಯಲ್ಲಿ ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗು ತನ್ನ ಸಂಖ್ಯೆಯನ್ನು ಹೇಳುವುದು ಕಟ್ಟೆಯ ಬಳಿ ಮಾತ್ರ. ದಾರಿಯುದ್ದಕ್ಕೂ ಹೇಳಿದರೆ ಕಡಬದ ವೈದ್ಯರು ನಡುರಾತ್ರಿಯಲ್ಲಿ ಯಾರ ಮನೆಗೆ ಹೋದರೆಂಬುದೂ ಗುಟ್ಟಾಗಿ ಉಳಿಯದು. ಆದುದರಿಂದಲೇ ಆಗಾಗ ಬದಲಾಯಿಸುವ ತಾತ್ಕಾಲಿಕ ಹೆಸರುಗಳ ಪ್ರಮಾಣಪತ್ರಗಳನ್ನು ತಜ್ಞರು ಯೋಜಿಸಿದ್ದಾರೆ. ಅಮೆರಿಕದ ಯೋಜನೆಯೊಂದರಲ್ಲಿ ಇವುಗಳ ಆಯುಷ್ಯ 1 ವಾರ. ಪ್ರಮಾಣಪತ್ರವುಳ್ಳ ವಾಹನವೇ ಸುಳ್ಳಾಡತೊಡಗಿದರೆ ಅದನ್ನು ರದ್ದುಪಡಿಸಿದ ಸುದ್ದಿಯು ಘಾಟಿಯಲ್ಲಿರುವವರಿಗೆ ತಡವಾಗಿ ತಲಪೀತು. ತಾನಾಗಿಯೇ ಮುಗಿಯುವ ಅಲ್ಪಾಯುಷಿ ಪತ್ರವೇ ನಮಗೆ ಮೇಲೆಂದು ನಮ್ಮ ಅಭಿಪ್ರಾಯ.

ಭೌತವಿಜ್ಞಾನದ ಒಂದು ಮಾತನ್ನೂ ಮರೆಯಬಾರದು. ಈ ಅಲೆಗಳ ಆವೃತ್ತಿ 5.9 ಗಿಗಾಹರ್ಟ್ಸ್, ಉದ್ದ ಸುಮಾರು 5 ಸೆಂಟಿಮೀಟರ್. ಮಳೆಯು ಇವಕ್ಕೆ ಅಷ್ಟಾಗಿ ಅಡ್ಡಿಯಲ್ಲ. ಗುಡ್ಡವನ್ನು ಮಾತ್ರ ಇವು ಬಳಸಿ ಹೋಗಲಾರವು. ಕನ್ನಡಿ ನಿಂತ ತಿರುವಿನಲ್ಲಿಯೇ ಸಂದೇಶವನ್ನು ದಾಟಿಸುವ ಕಂಬವೊಂದು ಬೇಕು. ಆ ಕಂಬವೂ ಸಹಿ ಹಾಕಬೇಕು. ಇಲ್ಲವಾದರೆ ಕಿಡಿಗೇಡಿಗೆ ಅದೇ ಹೊಸ ವೇದಿಕೆ.

ನಮ್ಮ ದೇಶದ ನಿಯಮಗಳನ್ನು ರಚಿಸುವವರು ನಗರದ ನೇರ ರಸ್ತೆಗಳಲ್ಲಿ ಪರೀಕ್ಷೆ ಮುಗಿಸಿ ತೃಪ್ತರಾಗದಿರಲಿ. ಜುಲೈ ತಿಂಗಳಲ್ಲಿ ಒಮ್ಮೆ ಸಂಪಾಜೆಗೂ ಶಿರಾಡಿಗೂ ತಮ್ಮ ಯಂತ್ರಗಳನ್ನು ತರಲಿ.