ಕಸಿ ಮಾಡಿದ ಕಿಡ್ನಿ ಉಳಿಯುವುದು ಗುಳಿಗೆಯಿಂದ

ನಮ್ಮ ಚಾಚಾಗೆ ಕಿಡ್ನಿ ಕೊಟ್ಟವರು ನಮ್ಮ ದಾದಿ. ಆಪರೇಷನ್ ಮುಗಿಸಿ ಇಬ್ಬರೂ ಮೂಡಲಗಿಗೆ ಮರಳಿದ ದಿನ ಓಣಿಯವರೆಲ್ಲ ಬಂದು ಮಾತಾಡಿಸಿ ಹೋದರು. ಎಲ್ಲರದೂ ಒಂದೇ ಮಾತು: "ಅಲ್ಲಾಹನ ದಯೆ, ಗಂಡಾಂತರ ಮುಗೀತು."

ಮುಗಿದಿರಲಿಲ್ಲ. ಎರಡು ವರ್ಷದ ಮೇಲೆ ಚಾಚಾ "ಆರಾಮ ಅದೀನಿ, ದಿನಾ ಇಷ್ಟ ಗುಳಿಗಿ ಯಾಕ?" ಎನ್ನುತ್ತ ಒಂದೊಂದು ಹೊತ್ತು ಬಿಡತೊಡಗಿದರು. ನೋವಿಲ್ಲ, ಜ್ವರವಿಲ್ಲ. ರಕ್ತ ಪರೀಕ್ಷೆಯಲ್ಲಿ ಮಾತ್ರ ಕ್ರಿಯಾಟಿನಿನ್ ಏರಿತ್ತು. ಬೇಗ ಗೊತ್ತಾದದ್ದರಿಂದ ಕಿಡ್ನಿ ಉಳಿಯಿತು.

ನಮ್ಮ ರೋಗನಿರೋಧಕ ಶಕ್ತಿಗೆ ತಾಯಿಯ ಕಿಡ್ನಿಯೂ ಪರಕೀಯವೇ. ಟಿ-ಕೋಶಗಳು ಅದರ ಮೇಲೆ ದಾಳಿ ಮಾಡುತ್ತವೆ. 1954ರಲ್ಲಿ ಬಾಸ್ಟನ್‌ನಲ್ಲಿ ಕಿಡ್ನಿ ಕಸಿ ಮೊದಲ ಬಾರಿ ಯಶಸ್ವಿಯಾದದ್ದು ತದ್ರೂಪಿ ಅವಳಿ ಸೋದರರ ನಡುವೆ. ಅಲ್ಲಿ ಈ ದಾಳಿಯ ಪ್ರಶ್ನೆಯೇ ಇರಲಿಲ್ಲ. ಉಳಿದವರಿಗೆ ದೊಡ್ಡ ದಾರಿ ತೆರೆದದ್ದು ನಾರ್ವೆಯ ಮಣ್ಣಿನ ಒಂದು ಶಿಲೀಂಧ್ರ. ಅದರಿಂದ ಬಂದ ಸೈಕ್ಲೋಸ್ಪೋರಿನ್‌ಗೆ ಅಮೆರಿಕದಲ್ಲಿ 1983ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷ ಜಪಾನಿನ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಟ್ಯಾಕ್ರೋಲಿಮಸ್ ಸಿಕ್ಕಿತು. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಸೈಕ್ಲೋಸ್ಪೋರಿನ್ ಒಂದು ಅಂಕದ ಪ್ರಶ್ನೆ. ಚಾಚಾನಂಥವರಿಗೆ ಇಂಥ ಔಷಧವೇ ಜೀವ.

ಸಾಮಾನ್ಯವಾಗಿ ಟ್ಯಾಕ್ರೋಲಿಮಸ್ ಅನ್ನು 12 ಗಂಟೆಗೊಮ್ಮೆ ತೆಗೆದುಕೊಳ್ಳಬೇಕು. ರಕ್ತದಲ್ಲಿ ಅದರ ಪ್ರಮಾಣ ಇಳಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು. ಏರಿದರೆ ಅದೇ ಔಷಧ ಕಿಡ್ನಿಗೆ ಹಾನಿ ಮಾಡುತ್ತದೆ, ಸೋಂಕಿನ ಭಯವೂ ಹೆಚ್ಚುತ್ತದೆ. ಆದ್ದರಿಂದ ವೈದ್ಯರನ್ನು ಕೇಳದೆ ಕಂಪನಿ ಬದಲಿಸುವುದು, ಅಂಗಡಿಯಲ್ಲಿ ನೋವಿನ ಗುಳಿಗೆ ಕೇಳಿ ನುಂಗುವುದು ಎರಡೂ ತಪ್ಪು.

ರಂಜಾನ್‌ನಲ್ಲಿ ಈ ಮಾತು ಇನ್ನೂ ಮುಖ್ಯ. ಸಹರಿಯಿಂದ ಇಫ್ತಾರ್‌ವರೆಗೆ ನಮ್ಮಲ್ಲಿ 12 ಗಂಟೆ ಮೀರುತ್ತದೆ, ನೀರೂ ಇಲ್ಲ. ರೋಗಿಗೆ ರೋಜಾದಿಂದ ವಿನಾಯಿತಿ ಇದೆ ಎಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದೂ "ನೋಡಾಕ ಗಟ್ಟಿ ಅದಾನ, ರೋಜಾ ಇಡಂಗಿಲ್ಲ" ಎಂದು ಆಡಿಕೊಳ್ಳುವವರು ಇದ್ದಾರೆ. ಆ ನಾಚಿಕೆಗೆ ಒಬ್ಬ ಮಗ ತಾಯಿ ಕೊಟ್ಟ ಕಿಡ್ನಿ ಕಳೆದುಕೊಳ್ಳಬೇಕೇ? ರೋಜಾ ಇಡಬೇಕೋ ಬೇಡವೋ ಎಂಬುದನ್ನು ಅವರು ತಮ್ಮ ವೈದ್ಯರನ್ನೂ ಆಲಿಮರನ್ನೂ ಕೇಳಿ ನಿರ್ಧರಿಸಲಿ. ಅದು ಓಣಿಯ ಕಟ್ಟೆಯ ಮೇಲೆ ತೀರ್ಮಾನವಾಗುವ ವಿಷಯವಲ್ಲ.

ಇನ್ನು ಖರ್ಚು. ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮದಲ್ಲಿ ಬಡ ರೋಗಿಗಳ ಈ ಔಷಧಕ್ಕೆ ತಿಂಗಳಿಗೆ 10,000 ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಆದರೆ ಗುಳಿಗೆ ಕೈಗೆ ಸಿಗಬೇಕಲ್ಲ? ಚಾಚಾ ಪ್ರತಿ ತಿಂಗಳು ಒಂದು ದಿನದ ಕೂಲಿ ಬಿಟ್ಟು ಬೆಳಗಾವಿಗೆ ಹೋಗುತ್ತಾರೆ. ಗೋಕಾಕ, ಹುಕ್ಕೇರಿ, ಮೂಡಲಗಿಯ ಸರ್ಕಾರಿ ಆಸ್ಪತ್ರೆಗಳಲ್ಲೇ ಈ ಗುಳಿಗೆ ಉಚಿತವಾಗಿ, ತಪ್ಪದೆ ಸಿಗಬೇಕು. ಲಕ್ಷಾಂತರ ರೂಪಾಯಿಯ ಆಪರೇಷನ್‌ಗೆ ನೆರವು ಕೊಟ್ಟು ಗುಳಿಗೆಯಲ್ಲಿ ಕೈ ಬಿಟ್ಟರೆ ಇಡೀ ಖರ್ಚು ನೀರಿನಲ್ಲಿ ಹೋಮ.

ಗೆಳೆಯರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕಸಿಯಾದವರಿದ್ದರೆ ನಾವು ಮಾಡಬಹುದಾದ ಕೆಲಸ ಸಣ್ಣದು. ನಮ್ಮ ಮೊಬೈಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಅಲಾರಾಂ ಇದೆ. ಅದು ಬಾರಿಸಿದರೆ ದಾದಿಯೇ ನೀರಿನ ಲೋಟ ಹಿಡಿದು ಚಾಚಾನ ಮುಂದೆ ನಿಲ್ಲುತ್ತಾರೆ. ಗುಳಿಗೆ ನುಂಗುವವರೆಗೂ ಅಲ್ಲಿಂದ ಕದಲುವುದಿಲ್ಲ.