ಪೈಲಟ್ ಆಗಲು ವಿಮಾನಯಾನ ಪದವಿ ಅನಿವಾರ್ಯವೇ?

ಧುಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ನೀರನ್ನು ನಂಬಿ ಕಬ್ಬು, ಗೋವಿನಜೋಳ ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಮನೆಗಳಿಗೆ ಪೈಲಟ್ ವೃತ್ತಿ ಈಗ ತೀರ ದೂರದ ಮಾತಾಗಿ ಉಳಿದಿಲ್ಲ. ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ವಿಮಾನಗಳ ಓಡಾಟ ಹೆಚ್ಚಿತು; ಹಾರಾಟ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು 2021ರಲ್ಲಿ ಆಯ್ಕೆ ಮಾಡಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ಇದ್ದವು. ಆಸೆ ಹತ್ತಿರ ಬಂದಂತೆ ಅದರ ಸುತ್ತಲಿನ ಗೊಂದಲವೂ ಹತ್ತಿರ ಬಂದಿದೆ. ಆ ಗೊಂದಲದ ಕೇಂದ್ರದಲ್ಲಿರುವುದು ‘ವಿಮಾನಯಾನ ಪದವಿ’. ಪಿಯುಸಿ ಫಲಿತಾಂಶದ ದಿನಗಳಲ್ಲಿ ಬಿಬಿಎ ಏವಿಯೇಷನ್, ಬಿಎಸ್ಸಿ ಏವಿಯೇಷನ್ ಎಂಬ ಹೆಸರಿನ ಕೋರ್ಸುಗಳ ಜಾಹೀರಾತು ಕಂಡ ಪಾಲಕರು, ಮೂರು ವರ್ಷದ ಆ ಓದು ಮುಗಿದರೆ ಮಗ ಅಥವಾ ಮಗಳು ಕಾಕ್‌ಪಿಟ್‌ನಲ್ಲಿ ಕುಳಿತಂತೆಯೇ ಎಂದು ನಂಬಿಬಿಡುವ ಸಂಭವ ದೊಡ್ಡದು.

ಕಾನೂನು ಹೇಳುವುದು ಬೇರೆಯೇ ಆಗಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಅಂದರೆ ಎಲ್ಲರ ಬಾಯಲ್ಲಿರುವ ಡಿಜಿಸಿಎ, ವಾಣಿಜ್ಯ ಪೈಲಟ್ ಪರವಾನಗಿಗೆ (ಸಿಪಿಎಲ್) ಕೇಳುವ ವಿದ್ಯಾರ್ಹತೆ ಭೌತವಿಜ್ಞಾನ ಮತ್ತು ಗಣಿತದೊಂದಿಗೆ ಹನ್ನೆರಡನೇ ತರಗತಿಯ ತೇರ್ಗಡೆ ಮಾತ್ರ. ಈ ಎರಡು ವಿಷಯಗಳ ನಿರ್ಬಂಧವನ್ನೂ ಸಡಿಲಿಸಿ ಕಲಾ, ವಾಣಿಜ್ಯ ವಿಭಾಗದವರಿಗೆ ಬಾಗಿಲು ತೆರೆಯುವ ಪ್ರಸ್ತಾವ 2025ರಲ್ಲಿ ಚರ್ಚೆಗೆ ಬಂದಿತ್ತು. ಪದವಿಯ ಮಾತು ನಿಯಮದಲ್ಲಿ ಎಲ್ಲಿಯೂ ಇಲ್ಲ. ಅಭ್ಯರ್ಥಿಗೆ ಹದಿನೆಂಟು ವರ್ಷ ತುಂಬಿರಬೇಕು. ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಇರಬೇಕು. ವಾಯು ನಿಯಮ, ವಾಯುಯಾನ ದಿಕ್ಕುಗಣನೆ, ಹವಾಮಾನ ವಿಜ್ಞಾನ ಮತ್ತು ತಾಂತ್ರಿಕ ವಿಷಯಗಳ ಲಿಖಿತ ಪರೀಕ್ಷೆಗಳಲ್ಲಿ ನೂರಕ್ಕೆ ಎಪ್ಪತ್ತು ಅಂಕ ಪಡೆದಿರಬೇಕು. ಇವೆಲ್ಲಕ್ಕಿಂತ ಕಠಿಣವಾದದ್ದು 200 ಗಂಟೆಗಳ ಹಾರಾಟ.

ಆ ಗಂಟೆಗಳಲ್ಲಿ ನೂರು ಗಂಟೆ ವಿಮಾನದ ಪೂರ್ಣ ಹೊಣೆಯನ್ನು ಕಲಿಯುವವನೇ ಹೊತ್ತು ಹಾರಿಸಿರಬೇಕು. 300 ನಾಟಿಕಲ್ ಮೈಲಿಯ, ಎಂದರೆ ಸುಮಾರು 555 ಕಿಲೋಮೀಟರಿನ ಒಂದು ದೂರಹಾರಾಟದಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಮತ್ತೆ ಏರಬೇಕು. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿರುವ ಸಾಂಬ್ರಾದಂಥ ನಿಲ್ದಾಣದಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಗೆ ಗಾಳಿ ಇನ್ನಷ್ಟು ತೆಳುವಾದಾಗ, ಒಂಟಿ ಎಂಜಿನ್ನಿನ ಸಣ್ಣ ವಿಮಾನ ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ, ಏರುವ ವೇಗವೂ ತಗ್ಗುತ್ತದೆ. ‘ಸಾಂದ್ರತಾ ಎತ್ತರ’ ಎಂದು ಪಠ್ಯದಲ್ಲಿ ಕರೆಯಲಾಗುವ ಈ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿದವರು, ಓಡುದಾರಿಯ ಕೊನೆ ಎದುರಿಗೆ ಬರುತ್ತಿರುವಾಗ ಅದರ ಅರ್ಥವನ್ನು ಕೈಯಿಂದ ಮತ್ತು ಕಣ್ಣಿನಿಂದ ತಿಳಿಯುತ್ತಾರೆ. ಪರವಾನಗಿ ಸಿಗುವುದು ಈ ಎರಡನೆಯ ತಿಳಿವಳಿಕೆಗೆ. ಬಿಬಿಎ ಏವಿಯೇಷನ್ ಪಠ್ಯದಲ್ಲಿರುವುದಾದರೋ ಬಹುಪಾಲು ನಿಲ್ದಾಣ ನಿರ್ವಹಣೆ, ಸರಕು ಸಾಗಣೆ, ಪ್ರಯಾಣಿಕರ ಸೇವೆ. ಅವು ಗೌರವದ ಕೆಲಸಗಳೇ ಆದರೂ ಅವುಗಳಿಂದ ಒಂದು ಗಂಟೆಯ ಹಾರಾಟವೂ ದಾಖಲೆಗೆ ಸೇರುವುದಿಲ್ಲ.

ವಿಮಾನಯಾನ ಪದವಿಗೆ ನಿಜವಾದ ಬೆಲೆ ಇರುವ ದೇಶಗಳೂ ಇವೆ. 2009ರ ಫೆಬ್ರುವರಿಯಲ್ಲಿ ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತ ನಂತರ ಅಮೆರಿಕವು ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವವನ್ನು ಕಡ್ಡಾಯಗೊಳಿಸಿ, 2013ರಿಂದ ಅದನ್ನು ಜಾರಿಗೆ ತಂದಿತು. ಮಾನ್ಯತೆ ಪಡೆದ ವಿಮಾನಯಾನ ಪದವೀಧರರಿಗೆ ಈ ಮಿತಿ 1,000 ಗಂಟೆಗೆ ಇಳಿಯುತ್ತದೆ. ಹಾಗಿದ್ದೂ ಅಲ್ಲಿಯ ಡೆಲ್ಟಾ ಸಂಸ್ಥೆ 2022ರಲ್ಲಿ ನಾಲ್ಕು ವರ್ಷದ ಪದವಿಯ ಷರತ್ತನ್ನೇ ಕೈಬಿಟ್ಟಿತು. ಭಾರತದಲ್ಲಿ ಪದವಿಗೆ ಅಂಥ ಯಾವ ರಿಯಾಯಿತಿಯೂ ಇಲ್ಲದಿರುವಾಗ, ಮೂರು ವರ್ಷ ಅದಕ್ಕೆ ಕಳೆದು ನಂತರ ಹಾರಾಟ ಶಾಲೆ ಹುಡುಕುವುದು ಹಣದ ದೃಷ್ಟಿಯಿಂದಲೂ ವಯಸ್ಸಿನ ದೃಷ್ಟಿಯಿಂದಲೂ ನಷ್ಟದ ದಾರಿ. ಪದವಿ ಮತ್ತು ಹಾರಾಟ ಒಂದೇ ಸೂರಿನಡಿ ಜೊತೆಜೊತೆಯಾಗಿ ಸಾಗುವ ಕೋರ್ಸುಗಳು, ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಲ್ಲಿ ಇರುವಂಥವು, ಈ ಮಾತಿಗೆ ಹೊರತು.

ಹಾಗೆಂದು ಪದವಿಯೇ ಬೇಡ ಎನ್ನುವುದು ಇನ್ನೂ ದೊಡ್ಡ ತಪ್ಪು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೂ ಕೆಲಸ ಹುಡುಕಬೇಕಾಯಿತು. ವೈದ್ಯಕೀಯ ತಪಾಸಣೆಯಲ್ಲಿ ಒಮ್ಮೆ ಅನರ್ಹರಾದರೆ ಮೂವತ್ತರ ಹರೆಯದಲ್ಲಿಯೇ ವೃತ್ತಿ ನಿಲ್ಲಬಹುದು. ಅಂಥ ದಿನಕ್ಕೆ ಬೇಕಾದದ್ದು ಅದೇ ಕುಸಿದ ಉದ್ಯಮದ ಹೆಸರು ಹೊತ್ತ ಪದವಿಯಲ್ಲ. ಎಂಜಿನಿಯರಿಂಗ್, ಗಣಿತ, ವಾಣಿಜ್ಯ, ಕಂಪ್ಯೂಟರ್‌ನಂಥ, ಬೇರೆಡೆಯೂ ಅನ್ನ ಕೊಡುವ ಓದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ಹಾರಾಟ ತರಬೇತಿಯ ಜೊತೆಗೇ ಬಿಕಾಂ ಅಥವಾ ಬಿಸಿಎ ಓದಲು ಅಡ್ಡಿಯಿಲ್ಲ. ವಾಯುಪಡೆಯ ಕನಸಿದ್ದವರಿಗೆ ಪದವಿ ಇನ್ನೂ ಮುಖ್ಯ: ಪಿಯುಸಿ ನಂತರ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ತಪ್ಪಿದರೆ ಉಳಿಯುವ ಎಎಫ್‌ಕ್ಯಾಟ್, ಸಿಡಿಎಸ್ ಪರೀಕ್ಷೆಗಳಿಗೆ ಪದವೀಧರರೇ ಅರ್ಹರು. 2022ರಿಂದ ಎನ್‌ಡಿಎ ಹೆಣ್ಣುಮಕ್ಕಳಿಗೂ ತೆರೆದಿದ್ದು, ಬೆಳಗಾವಿ ಜಿಲ್ಲೆಯ ಕಿತ್ತೂರಿನ ರಾಣಿ ಚನ್ನಮ್ಮ ಬಾಲಕಿಯರ ಸೈನಿಕ ವಸತಿ ಶಾಲೆಯಂಥ ಸಂಸ್ಥೆಗೆ ಇದರಿಂದ ಹೊಸ ಅರ್ಥ ಬಂದಿದೆ. ಎನ್‌ಡಿಎಯಲ್ಲಿ ತರಬೇತಿ ಮತ್ತು ಪದವಿ ಎರಡಕ್ಕೂ ಖರ್ಚು ಸರ್ಕಾರದ್ದು.

ಖಾಸಗಿ ದಾರಿಯಲ್ಲಿ ಹಾಗಿಲ್ಲ. ಸಿಪಿಎಲ್‌ಗೆ ಅರ್ಧ ಕೋಟಿ ರೂಪಾಯಿಯ ಆಸುಪಾಸು, ಅದರ ಮೇಲೆ ನಿರ್ದಿಷ್ಟ ಮಾದರಿಯ ದೊಡ್ಡ ವಿಮಾನ ಹಾರಿಸಲು ಬೇಕಾದ ‘ಟೈಪ್ ರೇಟಿಂಗ್’ಗೆ ಮತ್ತೆ ಹತ್ತಾರು ಲಕ್ಷ. ಕಬ್ಬಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾಯುವ ರೈತನಿಗೆ ಇದು ಹೊಲವನ್ನೇ ಅಡವಿಡುವ ನಿರ್ಧಾರ. ಪರವಾನಗಿ ಪಡೆದವರಿಗೆಲ್ಲ ಕೆಲಸ ಸಿದ್ಧವಿಲ್ಲ: 2023ರ ಒಂದೇ ವರ್ಷದಲ್ಲಿ ಡಿಜಿಸಿಎ 1,622 ವಾಣಿಜ್ಯ ಪರವಾನಗಿಗಳನ್ನು ನೀಡಿತು. ಮೋಡದೊಳಗೂ ಉಪಕರಣಗಳನ್ನೇ ನೋಡಿ ಹಾರುವ ಅರ್ಹತೆಯನ್ನು ಕೆಲಸವಿಲ್ಲದೆ ಕಾಯುವವರೂ ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೂ ಹಣ ಬೇಕು. ಇಂಥ ಹೊರೆಯ ಮೇಲೆ ಉಪಯೋಗವಿಲ್ಲದ ಪದವಿಯ ಶುಲ್ಕವನ್ನೂ ಹೇರುವುದು ಅನ್ಯಾಯ.

ಇಲ್ಲಿ ಸರ್ಕಾರದ ಹೊಣೆ ದೊಡ್ಡದಿದೆ. 1949ರಿಂದ ಇರುವ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಪೂರ್ಣ ಬಲದಿಂದ ನಡೆದರೆ ಗ್ರಾಮೀಣ ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಸರೆ ಬೇರೊಂದಿಲ್ಲ; ಏವಿಯೇಷನ್ ಹೆಸರಿನ ಪ್ರತಿಯೊಂದು ಕೋರ್ಸಿನ ಜಾಹೀರಾತಿನಲ್ಲಿಯೂ ಅದರಿಂದ ಪೈಲಟ್ ಪರವಾನಗಿ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸುವುದನ್ನು ಉನ್ನತ ಶಿಕ್ಷಣ ಇಲಾಖೆ ಕಡ್ಡಾಯ ಮಾಡಬೇಕು. ಡಿಜಿಸಿಎ 2025ರಲ್ಲಿ ಹಾರಾಟ ಶಾಲೆಗಳಿಗೆ ಶ್ರೇಣಿ ಕೊಡಲು ಆರಂಭಿಸಿದಾಗ ಮೊದಲ ಪಟ್ಟಿಯಲ್ಲಿ ಒಂದು ಶಾಲೆಯೂ ‘ಎ’ ಶ್ರೇಣಿ ಮುಟ್ಟಲಿಲ್ಲ ಎಂಬುದನ್ನು ಪಾಲಕರು ಮರೆಯಬಾರದು. ಗೋಕಾಕ, ಹುಕ್ಕೇರಿಯ ಪಾಲಕರು ಯಾವುದೇ ಕಾಲೇಜಿಗೆ ಮುಂಗಡ ಕಟ್ಟುವ ಮೊದಲು ಮಕ್ಕಳಿಗೆ ಡಿಜಿಸಿಎ ಮಾನ್ಯತೆಯ ವೈದ್ಯರಿಂದ ಎರಡನೇ ದರ್ಜೆಯ ತಪಾಸಣೆ ಮಾಡಿಸಲಿ, ಆಮೇಲೆ ಮೊದಲ ದರ್ಜೆಯದನ್ನು ಮಾಡಿಸಲಿ. ಕಣ್ಣಿನ ಬಣ್ಣಗ್ರಹಣ ಶಕ್ತಿಯಲ್ಲಿ ದೋಷವಿದ್ದರೆ ಅದು ಕೆಲವು ಸಾವಿರ ರೂಪಾಯಿಯಲ್ಲಿಯೇ ತಿಳಿದುಬಿಡುತ್ತದೆ.